ಕೊತ್ತಲದ ಮೇಲೊಂದು ಬಂಗಲೆ: ಕಾಣದಾದ ಕೊಚ್ಚಿ ಕೋಟೆಯ ಟಿಪ್ಪಣಿ

ಫೋರ್ಟ್ ಕೊಚ್ಚಿಯಲ್ಲಿ ಫೋರ್ಟ್ ಇಲ್ಲ. ಹೆಸರಿನಲ್ಲಿದೆ, ನೆಲದ ಮೇಲಿಲ್ಲ. ನಾನು ಮೊದಲ ಸಲ ಹೋದಾಗ ಆಟೋದವರಿಗೆ ‘ಕೋಟೆ ಹತ್ತಿರ ಬಿಡಿ’ ಅಂದೆ. ಅವರು ಕಡಲ ಬದಿಯಲ್ಲಿ ಇಳಿಸಿದರು. ಎದುರಿಗೆ ಚೀನಾ ಬಲೆಗಳು, ಮೀನು ಮಾರುವವರು, ದೊಡ್ಡ ದೊಡ್ಡ ಮರಗಳು. ಗೋಡೆಯೂ ಇಲ್ಲ, ಹೆಬ್ಬಾಗಿಲೂ ಇಲ್ಲ. ಅಲ್ಲಿಂದ ಸ್ವಲ್ಪವೇ ನಡೆದರೆ ಹೆಂಚಿನ ಮಾಡಿನ ಒಂದು ಹಳೆಯ ಮನೆ ಸಿಗುತ್ತದೆ. ಅದರ ಹೆಸರು ಬಾಸ್ಟಿಯನ್ ಬಂಗಲೆ. ಕೋಟೆ ಎಲ್ಲಿ ಹೋಯಿತು ಅನ್ನುವ ಪ್ರಶ್ನೆಗೆ ಉತ್ತರ ಶುರುವಾಗುವುದು ಆ ಮನೆಯಿಂದಲೇ.

ಇತಿಹಾಸ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ‘1503, ಭಾರತದಲ್ಲಿ ಯುರೋಪಿನವರ ಮೊದಲ ಕೋಟೆ, ಕೊಚ್ಚಿ’ ಅಂತ ಒಂದು ಸಾಲು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆ ಕೋಟೆ ಹೇಗೆ ಇಲ್ಲವಾಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ ಅನಿಸಿತು. ಯಾಕೆಂದರೆ ಈ ಕೋಟೆ ಮುತ್ತಿಗೆಯ ಗುಂಡಿಗೆ ಉರುಳಲಿಲ್ಲ. ಗೆದ್ದವರೇ ಕೂತು ಲೆಕ್ಕ ಹಾಕಿ ಅದನ್ನು ಕೆಡವಿದರು.

ಮೊದಲು ಒಂದು ಪದ

‘ಕೋಟೆ ಕೊತ್ತಲ’ ಅಂತ ನಾವು ಒಂದೇ ಉಸಿರಲ್ಲಿ ಹೇಳುತ್ತೇವೆ, ಅಲ್ವಾ? ಆದರೆ ಕೊತ್ತಲ ಅಂದರೆ ಏನು ಅಂತ ಕೇಳಿದರೆ ತಡವರಿಸುತ್ತೇವೆ. ಕೋಟೆಯ ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಗಟ್ಟಿ ಭಾಗವೇ ಕೊತ್ತಲ. ವಿಜಯಪುರದ ಕಡೆ ಇದನ್ನು ಬುರುಜು ಅನ್ನುತ್ತಾರೆ. ಚಿತ್ರದುರ್ಗದಲ್ಲಿ ಬತೇರಿ. ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಇರುವುದೂ ಇದೇ ಪದ. ಇಂಗ್ಲಿಷಿನಲ್ಲಿ ಬಾಸ್ಟಿಯನ್.

ಇದರ ಕೆಲಸ ಅರ್ಥ ಮಾಡಿಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ. ನೇರ ಗೋಡೆಯ ಮೇಲೆ ನಿಂತ ಕಾವಲುಗಾರನಿಗೆ ಗೋಡೆಯ ಬುಡ ಕಾಣುವುದಿಲ್ಲ. ಶತ್ರು ಅಲ್ಲಿಗೆ ತಲುಪಿಬಿಟ್ಟರೆ ಮೇಲಿನಿಂದ ಏನೂ ಮಾಡಲಾಗದು. ಗೋಡೆಯಿಂದ ಹೊರಗೆ ಚಾಚಿದ ಕೊತ್ತಲದಲ್ಲಿ ನಿಂತರೆ ಇಡೀ ಗೋಡೆಯ ಬುಡ ಪಕ್ಕದಿಂದ ಕಾಣುತ್ತದೆ, ಗುರಿ ಇಡಲು ಬರುತ್ತದೆ. ಜೊತೆಗೆ ತೋಪು ಹಾರಿಸಿದಾಗ ಬರುವ ಹಿಂದೊದೆತ ತಡೆಯಬೇಕು. ಅದಕ್ಕೆ ಕೊತ್ತಲದ ಒಳಗೆ ಮಣ್ಣು ತುಂಬಿ, ಬಡಿದು, ಗಟ್ಟಿ ಮಾಡಿರುತ್ತಾರೆ. ಅಂದರೆ ಕೊತ್ತಲ ಬರೀ ಗೋಡೆ ಅಲ್ಲ, ಒಂದು ಚಿಕ್ಕ ಕೃತಕ ಗುಡ್ಡ. ಈ ಮಾತು ನೆನಪಿನಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

ತೆಂಗಿನ ಕಾಂಡದ ಕೋಟೆ

1341ರಲ್ಲಿ ಪೆರಿಯಾರ್ ನದಿಗೆ ಭಾರಿ ನೆರೆ ಬಂತು. ಕೊಡುಂಗಲ್ಲೂರಿನ ಹಳೆಯ ಬಂದರು ಹೂಳಿನಿಂದ ಕೆಟ್ಟಿತು. ಅದೇ ನೆರೆ ದಕ್ಷಿಣಕ್ಕೆ ಕೊಚ್ಚಿಯ ಬಾಯಿಯನ್ನು ಅಗಲ ಮಾಡಿತು ಅಂತ ಇತಿಹಾಸಕಾರರು ಹೇಳುತ್ತಾರೆ. ಹಾಗೆ ಹುಟ್ಟಿದ ಬಂದರಿನ ತುದಿಯಲ್ಲೇ ಮುಂದೆ ಕೋಟೆ ಎದ್ದಿತು.

ಪೋರ್ಚುಗೀಸರ ನೌಕಾನಾಯಕ ಕಬ್ರಾಲ್ 1500ರ ಡಿಸೆಂಬರಿನಲ್ಲಿ ಕೊಚ್ಚಿಗೆ ಬಂದ. ಕಲ್ಲಿಕೋಟೆಯ ದೊರೆ ಸಾಮೂದಿರಿಯ ಜೊತೆ ಅವನಿಗೆ ಆಗಲೇ ಜಗಳವಾಗಿತ್ತು. ಕೊಚ್ಚಿಯ ರಾಜನಿಗೂ ಸಾಮೂದಿರಿಯ ಕಾಟ ಇತ್ತು. ಇಬ್ಬರಿಗೂ ಒಬ್ಬನೇ ಎದುರಾಳಿ, ಹಾಗಾಗಿ ಸ್ನೇಹ ಬೆಳೆಯಿತು. 1503ರಲ್ಲಿ ಸಾಮೂದಿರಿ ಕೊಚ್ಚಿಯ ಮೇಲೆ ದಂಡೆತ್ತಿ ಬಂದ. ರಾಜ ಊರು ಬಿಟ್ಟು ಎದುರಿನ ವೈಪಿನ್ ದ್ವೀಪಕ್ಕೆ ಹೋಗಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಲ್ಬುಕರ್ಕ್ ಮನೆತನದವರ ಹಡಗುಗಳು ಬಂದವು, ರಾಜನಿಗೆ ಊರು ವಾಪಸ್ ಸಿಕ್ಕಿತು. ಆ ಋಣಕ್ಕೆ ಪ್ರತಿಯಾಗಿ ಕೋಟೆ ಕಟ್ಟಲು ಅನುಮತಿ ಸಿಕ್ಕಿತು.

ಆ ಮೊದಲ ಕೋಟೆಯಲ್ಲಿ ಕಲ್ಲಿನ ಗೋಡೆ ಇರಲಿಲ್ಲ. ಎರಡು ಸಾಲಾಗಿ ತೆಂಗಿನ ಕಾಂಡ ನೆಟ್ಟು, ಬಿಗಿದು, ನಡುವೆ ಮಣ್ಣು ತುಂಬಿ ಬಡಿದು ಮಾಡಿದ ಗೋಡೆ. ಚೌಕಾಕಾರ, ಮೂಲೆಗಳಲ್ಲಿ ಕೊತ್ತಲ, ಸುತ್ತ ನೀರು ತುಂಬಿದ ಕಂದಕ. ಕರಾವಳಿಯಲ್ಲಿ ಕೈಗೆ ಸಿಗುವ ಸಾಮಾನಿನಲ್ಲೇ ಮಾಡಿದ ಕೆಲಸ. ಪೋರ್ಚುಗಲ್ಲಿನ ರಾಜ ಮ್ಯಾನುಯೆಲ್ ಹೆಸರನ್ನು ಅದಕ್ಕೆ ಇಟ್ಟರು. ಇಮ್ಯಾನುಯೆಲ್ ಕೋಟೆ ಅಂತಲೂ ಕರೆಯುತ್ತಾರೆ. ಮರುವರ್ಷ, 1504ರಲ್ಲಿ, ಸಾಮೂದಿರಿ ಮತ್ತೆ ಬಂದಾಗ ಪೋರ್ಚುಗೀಸರ ದುವಾರ್ತೆ ಪಶೆಕು ಪೆರೇರಾ ಸಣ್ಣ ಪಡೆ ಇಟ್ಟುಕೊಂಡು ಕೊಚ್ಚಿಯವರ ಜೊತೆ ಸೇರಿ ತಡೆದ. 1505ರಲ್ಲಿ ಮೊದಲ ವೈಸರಾಯ್ ಅಲ್ಮೇಡಾ ಬಂದ ಮೇಲೆ ಕಲ್ಲಿನ ಕೆಲಸ ಶುರುವಾಯಿತು.

ಕೋಟೆಯ ಒಳಗೆ ಒಂದು ಪಟ್ಟಣವೇ ಬೆಳೆಯಿತು. ಸಂತ ಫ್ರಾನ್ಸಿಸ್ ಇಗರ್ಜಿ (ಅಂದರೆ ಚರ್ಚ್), ಸಾಂತಾ ಕ್ರೂಜ್ ಇಗರ್ಜಿ, ಗೋದಾಮುಗಳು, ಮನೆಗಳು. ವಾಸ್ಕೋ ಡ ಗಾಮ 1524ರ ಡಿಸೆಂಬರ್ 24ರಂದು ಸತ್ತದ್ದು ಕೊಚ್ಚಿಯಲ್ಲೇ. ಅವನನ್ನು ಮೊದಲು ಹೂಳಿದ್ದು ಸಂತ ಫ್ರಾನ್ಸಿಸ್ ಇಗರ್ಜಿಯಲ್ಲಿ. 1530ರಲ್ಲಿ ಪೋರ್ಚುಗೀಸರ ರಾಜಧಾನಿ ಗೋವಾಕ್ಕೆ ಹೋಯಿತು. ಆದರೂ ಮೆಣಸಿನ ವ್ಯಾಪಾರಕ್ಕೆ ಕೊಚ್ಚಿ ಬೇಕೇ ಬೇಕಿತ್ತು.

ನಮ್ಮ ಮಾತಿನಲ್ಲಿ ತೋಪಿಗೆ ‘ಫಿರಂಗಿ’ ಅನ್ನುತ್ತೇವೆ. ಯುರೋಪಿನವರನ್ನು ಕರೆಯುತ್ತಿದ್ದ ಪದವೇ ಅವರ ಆಯುಧಕ್ಕೂ ಅಂಟಿಕೊಂಡಿತು. ಪರಂಗಿ ಹಣ್ಣಿನಲ್ಲೂ ಅದೇ ಪದ ಇದೆ. ಪಶ್ಚಿಮ ಕರಾವಳಿಯ ಈ ಕೋಟೆಗಳ ನೆನಪು ಭಾಷೆಯಲ್ಲಿ ಹೀಗೆ ಉಳಿದುಕೊಂಡಿದೆ.

ಡಚ್ಚರ ಕೈಗೆ: ಕೋಟೆ ಚಿಕ್ಕದಾಯಿತು

ಡಚ್ಚರು 1662ರಲ್ಲಿ ಒಂದು ಸಲ ಮುತ್ತಿಗೆ ಹಾಕಿ ಹಿಂದೆ ಸರಿದರು. ಮತ್ತೆ ಬಂದು 1663ರ ಜನವರಿಯಲ್ಲಿ ಕೋಟೆ ಗೆದ್ದರು. ದಂಡನಾಯಕ ರೈಕ್ಲೊಫ್ ಫಾನ್ ಗೂನ್ಸ್. ಇಲ್ಲಿ ಒಂದು ವಿಷಯ ಗುರುತು ಹಾಕಿಕೊಳ್ಳಿ. ಯುರೋಪಿನಲ್ಲಿ ಪೋರ್ಚುಗಲ್ ಮತ್ತು ಡಚ್ಚರ ನಡುವೆ ಸಂಧಿಗೆ ಸಹಿ ಬಿದ್ದದ್ದು 1661ರಲ್ಲೇ. ಅದು ಜಾರಿಗೆ ಬಂದು, ಹಡಗಿನಲ್ಲಿ ಸುದ್ದಿ ಸಮುದ್ರ ದಾಟುವಷ್ಟರಲ್ಲಿ ಕೊಚ್ಚಿ ಕೈ ಬದಲಾಗಿತ್ತು. ಪೋರ್ಚುಗೀಸರು ವಾಪಸ್ ಕೇಳಿದರು, ಡಚ್ಚರು ಕೊಡಲಿಲ್ಲ. ದೂರದ ಊರಿನ ಕಾಗದವೊಂದು ಈ ಕೋಟೆಯ ಹಣೆಬರಹದಲ್ಲಿ ಕೈ ಹಾಕಿದ್ದು ಇದೇ ಮೊದಲು. ಮುಂದೆಯೂ ಹೀಗೇ ಆಗುತ್ತದೆ.

ಗೆದ್ದ ಮೇಲೆ ಡಚ್ಚರು ಮಾಡಿದ ಕೆಲಸ ನೋಡಿ. ಪೋರ್ಚುಗೀಸರ ಪಟ್ಟಣದ ದೊಡ್ಡ ಭಾಗವನ್ನು ಕೆಡವಿದರು. ಕೋಟೆಯ ಸುತ್ತಳತೆ ಕಡಿಮೆ ಮಾಡಿದರು. ಕೆಥೊಲಿಕ್ ಕಟ್ಟಡಗಳ ಮೇಲಿನ ಸಿಟ್ಟು ಒಂದು ಕಾರಣ. ಇನ್ನೊಂದು ಕಾರಣ ಖರ್ಚು. ಗೋಡೆ ಉದ್ದವಾದಷ್ಟೂ ಕಾವಲಿಗೆ ಜನ ಜಾಸ್ತಿ ಬೇಕು. ಡಚ್ ಈಸ್ಟ್ ಇಂಡಿಯಾ ಕಂಪನಿ ಒಂದು ವ್ಯಾಪಾರಿ ಸಂಸ್ಥೆ. ಸಿಪಾಯಿಗಳ ಸಂಬಳ ಮೆಣಸಿನ ಲಾಭದಿಂದಲೇ ಹೋಗಬೇಕು. ಸಾಂತಾ ಕ್ರೂಜ್ ಇಗರ್ಜಿಯನ್ನು ಉಳಿಸಿ ಆಯುಧದ ಗೋದಾಮು ಮಾಡಿಕೊಂಡರು. ಸಂತ ಫ್ರಾನ್ಸಿಸ್ ಇಗರ್ಜಿಯನ್ನು ತಮ್ಮ ಪ್ರಾಟೆಸ್ಟಂಟ್ ಪ್ರಾರ್ಥನೆಗೆ ಬಳಸಿದರು.

ಕೊತ್ತಲಗಳಿಗೆ ತಮ್ಮ ನಾಡಿನ ಹೆಸರುಗಳನ್ನು ಇಟ್ಟರು. ಒಂದು ಹಾಲೆಂಡ್, ಒಂದು ಗೆಲ್ಡರ್‌ಲ್ಯಾಂಡ್. ನೀರಿನ ಬದಿಯ ಒಂದು ಕೊತ್ತಲದ ಹೆಸರು ಸ್ಟ್ರೋಮ್‌ಬರ್ಗ್. ಡಚ್ ಭಾಷೆಯಲ್ಲಿ ‘ಸ್ಟ್ರೋಮ್’ ಅಂದರೆ ನೀರಿನ ಹರಿವು, ‘ಬರ್ಗ್’ ಅಂದರೆ ಕೋಟೆ. ಹಿನ್ನೀರು ಕಡಲಿಗೆ ಸೇರುವ ಜಾಗದಲ್ಲಿ ನಿಂತ ಕೊತ್ತಲಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಬಾಸ್ಟಿಯನ್ ಬಂಗಲೆ ಇರುವುದು ಈ ಸ್ಟ್ರೋಮ್‌ಬರ್ಗ್ ಜಾಗದಲ್ಲೇ.

ಡಚ್ಚರ ಕಾಲದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ಫಾನ್ ರೇಡೆ ಕೊಚ್ಚಿಯಲ್ಲಿದ್ದುಕೊಂಡು ಇಲ್ಲಿನ ಗಿಡಮರಗಳ ಬಗ್ಗೆ ‘ಹೋರ್ಟಸ್ ಮಲಬಾರಿಕಸ್’ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾಯಿತು. ಅದಕ್ಕೆ ತಿಳಿವಳಿಕೆ ಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಗೋವಾ ಬಿಟ್ಟು ಬಂದ ಕೊಂಕಣಿ ಜನ ನಮ್ಮ ಕರಾವಳಿಯಲ್ಲಿ ನೆಲೆಸಿದಂತೆ ಕೊಚ್ಚಿಯಲ್ಲೂ ನೆಲೆಸಿದ್ದರು. ಮೂವರ ಕೊಂಕಣಿ ಬರಹ ಆ ಪುಸ್ತಕದಲ್ಲೇ ಅಚ್ಚಾಗಿದೆ. ಕೋಟೆಯ ಕಲ್ಲು ಹೋದರೂ ಇದು ಉಳಿಯಿತು ಅನ್ನುವುದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ.

ಮೈಸೂರಿನ ನಂಟು

ಕನ್ನಡದ ಓದುಗರು ಬಿಡಬಾರದ ಭಾಗ ಇದು. ಹೈದರ್ ಅಲಿಯ ಕಾಲದಲ್ಲೇ ಕೊಚ್ಚಿಯ ರಾಜ ಮೈಸೂರಿಗೆ ಕಪ್ಪ ಕೊಡುವ ಸ್ಥಿತಿಗೆ ಬಂದಿದ್ದ. 1789ರಲ್ಲಿ ಡಚ್ಚರು ಕೊಡುಂಗಲ್ಲೂರು ಮತ್ತು ಆಯಕೋಟ್ಟ ಕೋಟೆಗಳನ್ನು ತಿರುವಾಂಕೂರಿಗೆ ಮಾರಿದರು. ಟಿಪ್ಪು ಒಪ್ಪಲಿಲ್ಲ. ಆ ನೆಲ ನನಗೆ ಕಪ್ಪ ಕೊಡುವ ಕೊಚ್ಚಿಗೆ ಸೇರಿದ್ದು, ನನ್ನನ್ನು ಕೇಳದೆ ಮಾರಿದ್ದು ಹೇಗೆ ಅನ್ನುವುದು ಅವನ ವಾದ. 1789ರ ಡಿಸೆಂಬರ್ ಕೊನೆಯಲ್ಲಿ ತಿರುವಾಂಕೂರಿನ ಗಡಿಗೋಡೆ ನೆಡುಂಕೋಟ್ಟದ ಮೇಲೆ ದಾಳಿ ಮಾಡಿದ. ಮೊದಲ ದಾಳಿ ವಿಫಲವಾಯಿತು. 1790ರ ಏಪ್ರಿಲಿನಲ್ಲಿ ಗೋಡೆ ಒಡೆದು ಒಳಗೆ ನುಗ್ಗಿದ. ಕೊಡುಂಗಲ್ಲೂರು ಕೋಟೆಯನ್ನು ಹಿಡಿದು ಕೆಡವಿದ. ಮೂರನೇ ಮೈಸೂರು ಯುದ್ಧಕ್ಕೆ ಇದೇ ಕಿಡಿ.

ಆ ಯುದ್ಧ ಮುಗಿದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ. ಟಿಪ್ಪು ಮಲಬಾರನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಯಿತು. ನಾವು ಈ ಒಪ್ಪಂದವನ್ನು ಓದುವಾಗ ಮೈಸೂರು ಕಳೆದುಕೊಂಡ ಅರ್ಧ ರಾಜ್ಯ, ಒತ್ತೆಯಿಟ್ಟ ಮಕ್ಕಳು, ಇಷ್ಟನ್ನೇ ಓದುತ್ತೇವೆ. ಕೊಚ್ಚಿಯ ಕಡೆಯಿಂದ ಒಮ್ಮೆ ನೋಡಿ. ಕೊಚ್ಚಿಯ ರಾಜ ಅಷ್ಟರಲ್ಲಿ ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಉತ್ತರಕ್ಕೆ ಮಲಬಾರ್ ಬ್ರಿಟಿಷರದ್ದು. ದಕ್ಷಿಣದ ತಿರುವಾಂಕೂರು ಬ್ರಿಟಿಷರ ಗೆಳೆಯ. ನಡುವೆ ಡಚ್ಚರ ಕೋಟೆ ಒಂಟಿ.

1795ರಿಂದ 1806

1795ರ ಆರಂಭದಲ್ಲಿ ಫ್ರಾನ್ಸಿನ ಸೈನ್ಯ ಹಾಲೆಂಡಿಗೆ ನುಗ್ಗಿತು. ಡಚ್ಚರ ಮುಖ್ಯಸ್ಥ ಐದನೇ ವಿಲಿಯಂ ಇಂಗ್ಲೆಂಡಿಗೆ ಓಡಿಹೋದ. ಅಲ್ಲಿ ಕ್ಯೂ ಅನ್ನುವ ಊರಿನಲ್ಲಿದ್ದುಕೊಂಡು ಎಲ್ಲ ಡಚ್ ವಸಾಹತುಗಳಿಗೆ ಪತ್ರ ಬರೆದ. ಫ್ರೆಂಚರ ಕೈಗೆ ಸಿಗಬಾರದು, ಬ್ರಿಟಿಷರಿಗೆ ಒಪ್ಪಿಸಿ ಅಂತ. ಕೊಚ್ಚಿಯ ಡಚ್ ಗವರ್ನರ್ ಫಾನ್ ಸ್ಪಾಲ್ ಕೋಟೆ ಬಿಟ್ಟುಕೊಡಲಿಲ್ಲ. ಬ್ರಿಟಿಷರ ಮೇಜರ್ ಪೆಟ್ರಿ ಮುತ್ತಿಗೆ ಹಾಕಿದ. ಅಕ್ಟೋಬರಿನಲ್ಲಿ ಕೋಟೆ ಶರಣಾಯಿತು.

ಈಗ ಮುಖ್ಯ ಪ್ರಶ್ನೆ. ಗೆದ್ದ ಕೋಟೆಯನ್ನು ಬ್ರಿಟಿಷರು 1806ರಲ್ಲಿ ಸಿಡಿಮದ್ದು ಇಟ್ಟು ಕೆಡವಿದ್ದು ಯಾಕೆ?

ಇದಕ್ಕೆ ಉತ್ತರ ಬ್ರಿಟಿಷರು ಫ್ರೆಂಚರ ಬಣದ ಜೊತೆ ಮಾಡಿಕೊಂಡ 1802ರ ಆಮಿಯಾ ಸಂಧಿಯಲ್ಲಿದೆ ಅಂತ ನನ್ನ ತಿಳಿವಳಿಕೆ. ಆ ಸಂಧಿಯ ಪ್ರಕಾರ ಸಿಲೋನ್ ಒಂದನ್ನು ಬಿಟ್ಟು ಡಚ್ಚರ ಉಳಿದ ವಸಾಹತುಗಳನ್ನು ಬ್ರಿಟಿಷರು ವಾಪಸ್ ಕೊಡಬೇಕಿತ್ತು. ಕೊಚ್ಚಿ ಕೈ ಬದಲಾಗುವ ಮೊದಲೇ, 1803ರಲ್ಲಿ, ಯುರೋಪಿನಲ್ಲಿ ಮತ್ತೆ ಯುದ್ಧ ಶುರುವಾಯಿತು. ಆದರೆ ಪಾಠ ಸ್ಪಷ್ಟವಾಗಿತ್ತು. ಇವತ್ತು ಗೆದ್ದದ್ದನ್ನು ನಾಳೆ ಯಾವುದೋ ಮೇಜಿನ ಮೇಲೆ ಸಹಿ ಹಾಕಿ ಕೊಟ್ಟುಬಿಡಬಹುದು. ಕೊಡುವುದೇ ಆದರೆ ಊರು ಕೊಡೋಣ, ಕೋಟೆ ಬೇಡ. ಮೇಲಾಗಿ ಸುತ್ತ ಶತ್ರುಗಳೇ ಉಳಿದಿರಲಿಲ್ಲ, 1799ರಲ್ಲಿ ಟಿಪ್ಪುವೂ ಹೋಗಿದ್ದ. ಕಾಯಬೇಕಾದ ಶತ್ರು ಇಲ್ಲದ ಕಡೆ ಕೋಟೆ ಅಂದರೆ ಬರೀ ಖರ್ಚು.

ಇಂಥ ಲೆಕ್ಕ ಬ್ರಿಟಿಷರು ಮಾತ್ರ ಹಾಕಿದ್ದಲ್ಲ. 1784ರ ಒಪ್ಪಂದದಲ್ಲಿ ಮಂಗಳೂರು ವಾಪಸ್ ಸಿಕ್ಕ ಮೇಲೆ ಟಿಪ್ಪು ಅಲ್ಲಿನ ಕೋಟೆಯನ್ನು ಕೆಡವಿಸಿದ. ಕಡಲ ಕಡೆಯಿಂದ ಬಂದು ಹಿಡಿಯುವವರಿಗೇ ಅದರ ಉಪಯೋಗ ಜಾಸ್ತಿ ಅನ್ನುವುದನ್ನು ಅವನು ಕಷ್ಟಪಟ್ಟು ಕಲಿತಿದ್ದ. ಕರಾವಳಿಯ ಕೋಟೆಗಳ ಅಳಿವನ್ನು ಓದುವಾಗ ‘ಯಾರು ಸೋಲಿಸಿದರು’ ಅಂತ ಮಾತ್ರ ಕೇಳಬೇಡಿ. ‘ಯಾರಿಗೆ ಬೇಡವಾಯಿತು’ ಅಂತಲೂ ಕೇಳಿ.

ಕೋಟೆಯ ಜೊತೆ ಒಳಗಿನ ದೊಡ್ಡ ಕಟ್ಟಡಗಳೂ ಹೋದವು. ಸಾಂತಾ ಕ್ರೂಜ್ ಹಳೆಯ ಇಗರ್ಜಿಯನ್ನು ಬ್ರಿಟಿಷರು ಕೆಡವಿದರು. ಸಂತ ಫ್ರಾನ್ಸಿಸ್ ಮಾತ್ರ ಉಳಿಯಿತು. ಕೊನೆಗೆ 1814ರಲ್ಲಿ ಲಂಡನ್ನಿನ ಒಪ್ಪಂದವಾಯಿತು. ಸುಮಾತ್ರಾ ಹತ್ತಿರದ ಬಂಕಾ ದ್ವೀಪವನ್ನು ಡಚ್ಚರಿಗೆ ಕೊಟ್ಟು ಕೊಚ್ಚಿಯನ್ನು ಬ್ರಿಟಿಷರು ಕಾಯಂ ಆಗಿ ಪಡೆದರು. ಅಷ್ಟರಲ್ಲಿ ಕೋಟೆ ಹೋಗಿ ಎಂಟು ವರ್ಷವಾಗಿತ್ತು.

ಮನೆ ಬಂದದ್ದು ಹೇಗೆ

ಕೋಟೆ ಇಲ್ಲದ ಫೋರ್ಟ್ ಕೊಚ್ಚಿ ಒಂದು ವಿಚಿತ್ರ ತುಣುಕಾಗಿ ಉಳಿಯಿತು. ಸುತ್ತಲೂ ಕೊಚ್ಚಿ ರಾಜರ ಸೀಮೆ. ಇದು ಮಾತ್ರ ‘ಬ್ರಿಟಿಷ್ ಕೊಚ್ಚಿ’. ಆಡಳಿತದಲ್ಲಿ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ನಮ್ಮ ದಕ್ಷಿಣ ಕನ್ನಡವೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1956ರವರೆಗೂ ಎರಡೂ ಕಡೆಯ ಆಡಳಿತದ ಪದ್ಧತಿ ಒಂದೇ. 1866ರಲ್ಲಿ ಫೋರ್ಟ್ ಕೊಚ್ಚಿಗೆ ತನ್ನದೇ ಪುರಸಭೆ ಬಂತು. 1967ರಲ್ಲಿ ಅದು ಕೊಚ್ಚಿ ನಗರಪಾಲಿಕೆಗೆ ಸೇರಿತು.

ಇಂಥ ಊರಿಗೆ ಸಿಪಾಯಿಗಿಂತ ಅಧಿಕಾರಿ ಮುಖ್ಯ. ಅಧಿಕಾರಿಗೆ ಮನೆ ಬೇಕು. ಎಲ್ಲಿ ಕಟ್ಟುವುದು? ಇಲ್ಲಿ ಕೊತ್ತಲದ ವಿಷಯ ನೆನಪು ಮಾಡಿಕೊಳ್ಳಿ. ಮರಳು ನೆಲದ ಊರಿನಲ್ಲಿ ಬಡಿದು ಗಟ್ಟಿ ಮಾಡಿದ ಎತ್ತರದ ಜಾಗ ಅಂದರೆ ಕೊತ್ತಲವೇ. ಮಳೆಗಾಲದಲ್ಲಿ ನೀರು ನಿಲ್ಲುವುದಿಲ್ಲ. ಕಡಲ ಗಾಳಿ ಬೀಸುತ್ತದೆ. ಬಂದರಿನ ಬಾಯಿಗೆ ಬರುವ ಹಡಗು ವರಾಂಡದಿಂದಲೇ ಕಾಣುತ್ತದೆ. ತೋಪಿಗೆ ಯಾವ ಕಾರಣಕ್ಕೆ ಆ ಜಾಗ ಒಳ್ಳೆಯದಾಗಿತ್ತೋ ಮನೆಗೂ ಅದೇ ಕಾರಣಕ್ಕೆ ಒಳ್ಳೆಯದಾಯಿತು.

ಮನೆಯ ರೂಪ ನೋಡಿದರೆ ಇದು ಗೊತ್ತಾಗುತ್ತದೆ. ಇಳಿಜಾರು ಹೆಂಚಿನ ಮಾಡು, ಮುಂಭಾಗದಲ್ಲಿ ಮೊದಲ ಮಹಡಿಗೆ ಮರದ ವರಾಂಡ. ಇಷ್ಟು ನಮ್ಮ ಮಂಗಳೂರಿನ ಹಳೆಯ ಬಂಗಲೆಗಳನ್ನು ನೋಡಿದವರಿಗೆ ಪರಿಚಯದ್ದೇ. ಬೇರೆಯಾಗಿ ಕಾಣುವುದು ಅದರ ದುಂಡು. ಸುಮ್ನೆ ಚೆಂದಕ್ಕೆ ಮಾಡಿದ ದುಂಡಲ್ಲ ಅದು. ಕೆಳಗಿನ ಕೊತ್ತಲದ ಅಂಚು ಹೇಗೆ ತಿರುಗಿತೋ ಮೇಲಿನ ಮನೆಯೂ ಹಾಗೆ ತಿರುಗಿದೆ. ಬಹಳ ವರ್ಷ ಇಲ್ಲಿ ಸಬ್ ಕಲೆಕ್ಟರ್ ಇರುತ್ತಿದ್ದರು. ನಮ್ಮಲ್ಲಿ ಎಸಿ ಸಾಹೇಬರು ಅನ್ನುತ್ತೇವಲ್ಲ, ಅದೇ ಹುದ್ದೆ. ಈಗ ಇದು ಎರ್ನಾಕುಲಂ ಜಿಲ್ಲೆಯ ಪರಂಪರೆ ವಸ್ತುಸಂಗ್ರಹಾಲಯ. ಮನೆಯ ಕೆಳಗೆ ಗುಪ್ತ ಸುರಂಗಗಳಿವೆ ಅಂತ ಊರಲ್ಲಿ ಮಾತಿದೆ. ಯಾರೂ ಕಂಡಿಲ್ಲ.

1667ರ ಬಗ್ಗೆ ಎಚ್ಚರ

ಈ ಬಂಗಲೆ 1667ರಲ್ಲಿ ಕಟ್ಟಿದ್ದು ಅಂತ ಹಲವು ಕಡೆ ಬರೆದಿರುತ್ತಾರೆ. ನೋಟ್ಸ್ ಬರೆದುಕೊಳ್ಳುವಾಗ ಇಲ್ಲಿ ಸ್ವಲ್ಪ ನಿಲ್ಲಿ. 1667 ಅಂದರೆ ಡಚ್ಚರು ಕೋಟೆ ಹಿಡಿದು ನಾಲ್ಕೇ ವರ್ಷ. ಕೋಟೆಗೆ ಹೊಸ ರೂಪ ಕೊಡುತ್ತಿದ್ದ ಕಾಲ. ಬಂದರಿನ ಬಾಯಿ ಕಾಯುವ ಕೊತ್ತಲದ ತಲೆಯ ಮೇಲೆ ಆಗ ತೋಪು ಇರಬೇಕು. ಅಲ್ಲಿ ಹೆಂಚು ಹೊದಿಸಿದ, ಮರದ ವರಾಂಡದ ಮನೆ ಕಟ್ಟಿದರೆ ತೋಪು ಎಲ್ಲಿಡುವುದು? ಹಾಗಾಗಿ ನಾನು 1667ನ್ನು ಕೊತ್ತಲದ ಪದರಕ್ಕೆ ಬರೆದುಕೊಂಡಿದ್ದೇನೆ. ಇವತ್ತು ನಾವು ನೋಡುವ ವಾಸದ ಮನೆಯನ್ನು ಕೋಟೆ ಬಿದ್ದ ನಂತರದ ಪದರಕ್ಕೆ ಹಾಕಿದ್ದೇನೆ. ಒಂದೇ ಜಾಗದ ಎರಡು ಪದರಕ್ಕೆ ಒಂದೇ ಇಸವಿ ಅಂಟಿಸಿದರೆ ನಡುವಿನ 140 ವರ್ಷದ ಕಥೆ ಕಳೆದುಹೋಗುತ್ತದೆ.

ಇದೇ ರೀತಿ ಓದಬಹುದಾದ ಇನ್ನೊಂದು ಮನೆ ಹತ್ತಿರದಲ್ಲೇ ಇದೆ, ಠಾಕೂರ್ ಹೌಸ್. ಅದೂ ಡಚ್ಚರ ಕೊತ್ತಲವೊಂದರ ಜಾಗದಲ್ಲೇ ಇದೆ. ಮುಂಚೆ ಅದನ್ನು ಹಿಲ್ ಬಂಗಲೆ ಅಂತ ಕರೆಯುತ್ತಿದ್ದರು. ಗುಡ್ಡದ ಬಂಗಲೆ! ಸಪಾಟಾದ ಮರಳು ತೀರದಲ್ಲಿ ಗುಡ್ಡ ಎಲ್ಲಿಂದ ಬಂತು? ಅದು ಡಚ್ಚರು ತುಂಬಿದ ಮಣ್ಣು ಅಂತಲೇ ನಾನು ಓದುತ್ತೇನೆ. ಹೆಸರಿಟ್ಟವರಿಗೆ ಬಹುಶಃ ಕೊತ್ತಲದ ನೆನಪು ಇರಲಿಲ್ಲ, ಎತ್ತರ ಮಾತ್ರ ಕಂಡಿತ್ತು.

ಹೋದರೆ ಹೀಗೆ ನೋಡಿ

ಎರ್ನಾಕುಲಂ ಕಡೆಯಿಂದ ಬೋಟಿನಲ್ಲೇ ಬನ್ನಿ. ನೀರಿನ ಮೇಲಿನಿಂದ ಬರುವಾಗ ಈ ತುದಿಯಲ್ಲೇ ಯಾಕೆ ಕೋಟೆ ಕಟ್ಟಿದರು ಅಂತ ಕಣ್ಣಿಗೇ ತಿಳಿಯುತ್ತದೆ. ಬಂಗಲೆಯ ಹೊರಗೆ ನಿಂತು ಗೋಡೆಯ ತಿರುವನ್ನು ಕಣ್ಣಿನಲ್ಲಿ ಹಿಂಬಾಲಿಸಿ. ಆಮೇಲೆ ಪರೇಡ್ ಮೈದಾನಕ್ಕೆ ಹೋಗಿ. ಸಿಪಾಯಿಗಳು ಕವಾಯತು ಮಾಡುತ್ತಿದ್ದ ಜಾಗದಲ್ಲಿ ಈಗ ಹುಡುಗರು ಆಡುತ್ತಾರೆ. ಮೈದಾನದ ಪಕ್ಕದ ಸಂತ ಫ್ರಾನ್ಸಿಸ್ ಇಗರ್ಜಿ ಮೂರೂ ಆಳ್ವಿಕೆಯನ್ನು ಕಂಡು ಉಳಿದ ಕಟ್ಟಡ. ಅದಕ್ಕೆ ಸಮಯ ಕೊಡಿ.

ಸಾಂತಾ ಕ್ರೂಜ್ ಬೆಸಿಲಿಕಾ ಹೊಸದು, 1905ರಲ್ಲಿ ಪ್ರತಿಷ್ಠೆಯಾದದ್ದು. ಬ್ರಿಟಿಷರು ಕೆಡವಿದ ಹಳೆಯ ಇಗರ್ಜಿಯ ಒಂದು ಕಲ್ಲಿನ ಕಂಬವನ್ನು ಅದರ ಆವರಣದ ಆಗ್ನೇಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಹೆಚ್ಚಿನವರು ಅದನ್ನು ದಾಟಿ ಹೋಗಿಬಿಡುತ್ತಾರೆ. ಕೊನೆಗೆ ಕಡಲ ಬದಿಯ ಕಾಲುದಾರಿಗೆ ಬನ್ನಿ. ಕೋಟೆಯ ಹಳೆಯ ಗೋಡೆಯ ಚೂರುಗಳು ಅಲ್ಲಿವೆ. ಅಲ್ಲಿ ನಿಂತು ಬಂಗಲೆಯ ಕಡೆ ತಿರುಗಿ, ನಡುವಿನ ಗೋಡೆಯನ್ನು ಮನಸ್ಸಿನಲ್ಲೇ ಎಳೆದು ಜೋಡಿಸಿ. ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಎಳೆದೆ. ಆ ಗೆರೆ ಒಂದು ಚಹಾ ಅಂಗಡಿ, ಎರಡು ಹೋಮ್‌ಸ್ಟೇ, ಮೀನಿನ ಕಟ್ಟೆಗಳನ್ನು ದಾಟಿ ಬಂಗಲೆಯ ದುಂಡು ಗೋಡೆಗೆ ಬಂದು ಸೇರಿತು.